‘ನೋಡುವ’ ಎಂದರೆ ಒಪ್ಪಿಗೆಯಲ್ಲ

ಕಚೇರಿಗೆ ಬಣ್ಣ ಹೊಡೆಸುವ ಕೆಲಸ ಈ ವಾರ ನಡೆಯಿತು. ಬಣ್ಣದವರು ಅಟ್ಟದಲ್ಲಿದ್ದ ಸಾಮಾನುಗಳನ್ನೆಲ್ಲ ಇಳಿಸಿ ಜಗಲಿಯಲ್ಲಿ ಹರವಿದ್ದರು. ಅಕ್ಷರ ಅಳಿದ ಕೀಬೋರ್ಡುಗಳು, ಕಾಲು ಮುರಿದ ಕುರ್ಚಿ, ಉಸಿರು ನಿಂತ ಯುಪಿಎಸ್ಸು... ಅವುಗಳ ನಡುವೆ ಬಾಯಿ ತೆರೆದುಕೊಂಡು ಬಿದ್ದಿತ್ತು ಒಂದು ಅಲ್ಯುಮಿನಿಯಂ ಹಾರ್ನ್. ಜೀಪಿನ ಮಾಡಿಗೆ ಕಟ್ಟುವ ಮೈಕಿನ ಹಾರ್ನ್. ಒಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿ, ಮರಿಗಳನ್ನು ಹಾರಿಸಿಕೊಂಡು ಹೋಗಿ ಎಷ್ಟೋ ಕಾಲವಾಗಿತ್ತು.

“ಇದು ಗುಜರಿಗೆ ಅಲ್ವಾ ಅಕ್ಕ?” ಎಂದು ಬಣ್ಣದವರು ಕೇಳಿದರು. ಅಲ್ಲ ಎಂದೆ. ಹತ್ತಿರ ತಂದು ಮೂಸಿದರೆ ಇನ್ನೂ ಒಂದು ಚೂರು ಡೀಸೆಲಿನ ವಾಸನೆ, ಮಣ್ಣುರಸ್ತೆಯ ಧೂಳಿನ ವಾಸನೆ ಉಳಿದಿತ್ತು. ಅಷ್ಟು ಸಾಕಾಯಿತು. ನಮ್ಮ ಧಣಿ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಹೊರಗೆ ಬಿಟ್ಟು, “ಎಂತ ಸುದ್ದಿ?” ಎಂದು ಕೇಳಿದ ಹಾಗಾಯಿತು...

ಧಣಿ ಎಂದ ಕೂಡಲೇ ಬೆರಳಿಗೆ ಉಂಗುರ, ಕಣ್ಣು ಹಾಯುವಷ್ಟು ತೋಟ ಎಂದೆಲ್ಲ ಎಣಿಸಬೇಡಿ. ನಮ್ಮ ಕಡೆ ಸಂಬಳ ಕೊಡುವವರು ಯಾರಾದರೂ ಧಣಿಯೇ. ಇವರ ಆಸ್ತಿ ಎಂದರೆ ಒಂದು ಹಳೆಯ ಜೀಪು, ಅದರ ಮೇಲೆ ಎರಡು ಹಾರ್ನ್, ಮತ್ತೆ ಆ ಗಂಟಲು. ಪುತ್ತೂರಿನಿಂದ ಹೊರಟು ಸುಳ್ಯ, ಕಡಬದ ಒಳದಾರಿಗಳಲ್ಲೆಲ್ಲ ತಿರುಗಿ ಬಟ್ಟೆಯಂಗಡಿಯ ಆಟಿ ತಿಂಗಳ ರಿಯಾಯಿತಿ, ಕಣ್ಣಿನ ತಪಾಸಣೆಯ ಶಿಬಿರ, ಕಬಡ್ಡಿ ಪಂದ್ಯಾಟ ಎಂದು ಸಾರುವುದು ಅವರ ಕಸುಬು. ಕಾಲ ಬದಲಾಯಿತು. ಅದೇ ಗಿರಾಕಿಗಳು ಬಂದು, ಮೈಕು ಬೇಡ, ಇಮೇಲ್ ಕಳುಹಿಸಲಿಕ್ಕೆ ಆಗುತ್ತದೆಯೇ ಎಂದು ಕೇಳತೊಡಗಿದರು. ಧಣಿ ಜೀಪು ಮಾರಿದರು. ಪುತ್ತೂರಿನಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದರು. ಕೆಲವು ಕಂಪ್ಯೂಟರ್ ತಂದಿಟ್ಟರು. ಅಂಗಡಿಗಳ, ನರ್ಸರಿಗಳ, ಆಸ್ಪತ್ರೆಗಳ ಪರವಾಗಿ ಸಾವಿರಾರು ಜನರಿಗೆ ಒಟ್ಟಿಗೇ ಇಮೇಲ್ ಕಳುಹಿಸುವ ಕಂಪೆನಿ ಹೀಗೆ ಶುರುವಾಯಿತು.

ನನ್ನನ್ನು ತೆಗೆದುಕೊಂಡದ್ದು ಆ ಇಮೇಲ್‌ಗಳಿಗೆ ಕನ್ನಡ ಬರೆಯಲಿಕ್ಕೆ. ನನಗೆ ಭಾಷೆ ಬಂದದ್ದು ಕೆದಂಬಾಡಿಯಲ್ಲಿ ನನ್ನ ಅಜ್ಜಿ ಮತ್ತು ಅವರ ತಂಗಿ ಚಾವಡಿಯಲ್ಲಿ ಕೂತು ಆಡುತ್ತಿದ್ದ ಮಾತಿನಿಂದ. ಅವರು ಯಾರ ಹತ್ತಿರವೂ ನೇರ ವಿಷಯಕ್ಕೆ ಇಳಿದವರೇ ಅಲ್ಲ. ಮೊದಲು ಮಳೆ, ಆಮೇಲೆ ಕರು ಹಾಕಿದ ದನ, ಆಮೇಲೆ ಮೊಣಕಾಲು ನೋವು, ಕೊನೆಗೆ ಏಳುವ ಹೊತ್ತಿಗೆ “ಹಾಂ, ಬಂದ ವಿಷಯ ಎಂತ ಅಂದ್ರೆ...” ಎಂದು. ಸಂದರ್ಶನದ ದಿನ ನಾನು ಇದನ್ನು ಹೇಳಿದಾಗ ಧಣಿ ಮೇಜು ತಟ್ಟಿ ನಕ್ಕಿದ್ದರು.

“ಹಾಗೆಯೇ ಬರಿ ಮಾರಾಯ್ತಿ. ಮನೆಯೊಳಗೆ ಕರೆಸಿಕೊಂಡು ಕೂತವರ ಹಾಗೆ. ಗೇಟಿನ ಹೊರಗಿಂದ ಬೊಬ್ಬೆ ಹಾಕುದು ಬೇಡ. ಬೊಬ್ಬೆ ಎಲ್ಲ ನಾನು ಹಾಕಿ ಮುಗಿದಿದೆ.”

ನಾನು ಸೇರುವ ಮೊದಲೇ ಅವರು ಒಂದು ನಿಯಮ ಬರೆದು, ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದರು. ಕೇಳದೆ ಯಾರಿಗೂ ಕಳುಹಿಸುವುದಿಲ್ಲ. ಬೇಡ ಎಂದ ಮೇಲೆ ಕಳುಹಿಸುವುದಿಲ್ಲ. ಜನರ ವಿಳಾಸ ಕೊಳ್ಳುವುದಿಲ್ಲ, ಮಾರುವುದಿಲ್ಲ. ಕೆಲಸ ಕೊಡಲು ಬಂದವರು ಮೊದಲು ಇದಕ್ಕೆ ಸಹಿ ಹಾಕಬೇಕಿತ್ತು. ದುಡ್ಡು ಕೊಡುವವರೇ ಸಹಿ ಹಾಕಬೇಕಂತೆ ಎಂದು ಎಷ್ಟೋ ಮಂದಿ ನಗುತ್ತಾ ಮೆಟ್ಟಿಲಿಳಿದು ಹೋದದ್ದುಂಟು. ಪ್ರತಿ ಇಮೇಲ್‌ನ ಕೊನೆಗೆ “ಸಾಕೆನಿಸಿದರೆ ಇಲ್ಲಿ ಒತ್ತಿ” ಎಂದು ನಾನು ಬರೆದರೆ, ಧಣಿ ಅದರ ಮುಂದೆ “ನಮಗೆ ಬೇಸರವಿಲ್ಲ” ಎಂದು ಸೇರಿಸಲು ಹೇಳುತ್ತಿದ್ದರು. ಯಾಕೆಂದರೆ ನಮ್ಮ ಜನ ಎದುರಿನವರಿಗೆ ಬೇಸರವಾದೀತೆಂದು ಅದನ್ನೂ ಒತ್ತಲಿಕ್ಕಿಲ್ಲ.

ಇಷ್ಟು ಹಟ ಯಾಕೆ ಎಂದು ಒಮ್ಮೆ ಕೇಳಿದ್ದೆ. ಮರ್ಕಂಜದ ಕಡೆ ಹೋಗಿದ್ದಾಗಿನ ಒಂದು ಸಂಗತಿ ಹೇಳಿದರು. ಸೀರೆಗಳ ರಿಯಾಯಿತಿಯನ್ನು ಕೂಗಿಕೊಂಡು ತಿರುವು ದಾಟಿದಾಗ ಒಂದು ಮನೆಯ ಅಂಗಳದಲ್ಲಿ ಜನ ಸೇರಿದ್ದರಂತೆ. ಹೆಣ ಮಲಗಿಸಿದ್ದರು. ಇವರಿಗೆ ಹೇಗೆ ಗೊತ್ತಾಗಬೇಕು? ವಯಸ್ಸಾದ ಒಬ್ಬರು ಹೆಂಗಸು ಬೇಲಿಯ ದಣಪೆಯವರೆಗೆ ನಡೆದು ಬಂದು, ಮಾತಾಡದೆ ಅಂಗೈ ಎತ್ತಿ ತೋರಿಸಿದರಂತೆ. ಇವರು ಮೈಕು ಆರಿಸಿ, ಇಂಜಿನನ್ನೂ ಆರಿಸಿ, ಜೀಪನ್ನು ಇಳಿಜಾರಿನಲ್ಲಿ ಹಾಗೇ ಬಿಟ್ಟುಕೊಂಡು ಹೋದರಂತೆ.

“ಅವರು ಬೈಲಿಲ್ಲ,” ಎಂದಿದ್ದರು ಧಣಿ. “ಬೈದಿದ್ರೆ ಮರ್ತು ಹೋಗ್ತಿತ್ತು.”

ಆ ಕಾಲಕ್ಕೆ ಕಂಪೆನಿ ಬೀಳದ ಹಾಗೆ ಹಿಡಿದು ನಿಲ್ಲಿಸಿದ್ದು ಒಂದು ರಕ್ತಪರೀಕ್ಷೆಯ ಲ್ಯಾಬು. ಅದನ್ನು ನಡೆಸುತ್ತಿದ್ದ ಡಾಕ್ಟ್ರಮ್ಮ ತುಂಬ ಚುರುಕು. ಹಳ್ಳಿಗಳಿಂದ ಬಂದವರು ರಕ್ತ ಕೊಟ್ಟು ಮನೆಗೆ ಹೋದರೆ ಸಾಕು, ಸಂಜೆಯೊಳಗೆ ರಿಪೋರ್ಟು ನಮ್ಮ ಮೂಲಕ ಅವರ ಇಮೇಲ್‌ಗೆ ಹೋಗುತ್ತಿತ್ತು. ಉಳಿದ ಗಿರಾಕಿಗಳು ಬಂದರೂ ಹೋದರೂ ಆ ಲ್ಯಾಬು ಇದ್ದರೆ ನಾವಿದ್ದೇವೆ ಎನ್ನುವ ಸ್ಥಿತಿ. ಅಂಥ ಹೊತ್ತಿನಲ್ಲಿ ಪಂಪುಸೆಟ್ಟಿನ ದೊಡ್ಡ ವ್ಯಾಪಾರಿಯೊಬ್ಬರು ಬಂದರು. ಬೇಸಗೆಗೆ ಮುಂಚೆ ಮೂರೂ ತಾಲೂಕಿನ ಕೃಷಿಕರಿಗೆ ತಮ್ಮ ಹೊಸ ಪಂಪಿನ ವಿಷಯ ಮುಟ್ಟಬೇಕು ಎಂದರು. ಗೋಡೆಯ ನಿಯಮ ಓದದೆಯೇ ಸಹಿ ಹಾಕಿದರು.

ಜನರ ಒಪ್ಪಿಗೆ ಕೇಳಿ ವಿಳಾಸ ತರುವ ಕೆಲಸ ನಮ್ಮಲ್ಲಿ ಕಡಬದ ಒಬ್ಬರದು. ಊರಿಗೆಲ್ಲ ಅವರು ಭಾವ. ನಮಗೂ ಭಾವ. ಗೊಬ್ಬರದಂಗಡಿ, ಹಾಲಿನ ಡಿಪೋ, ಮದುವೆ ಮನೆ, ಎಲ್ಲಿ ನಾಲ್ಕು ಜನ ಇದ್ದರೂ ಮಾತಿಗೆ ನಿಲ್ಲುವ ಮನುಷ್ಯ. ಪಂಪಿನ ಕೆಲಸಕ್ಕೆ ಅವರು ತಂದ ವಿಳಾಸಗಳನ್ನು ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಷ್ಟು ಜನ ಹೂಂ ಎಂದಿದ್ದಾರೆ ಎಂದರೆ ಸಾಮಾನ್ಯವೇ? ನಾನು ಚೆಂದದ ಒಂದು ಇಮೇಲ್ ಬರೆದೆ. ಕಳುಹಿಸಿದೆವು.

ಮರುದಿನ ಡಾಕ್ಟ್ರಮ್ಮನ ಫೋನು ಬಂತು. ಆ ವರ್ಷ ಮಳೆ ನಿಂತರೂ ಡೆಂಗಿ ಜ್ವರ ನಿಂತಿರಲಿಲ್ಲ. ಪೆರಾಬೆಯ ಒಬ್ಬರು ಹೆಂಡತಿಯ ಪ್ಲೇಟ್‌ಲೆಟ್ ರಿಪೋರ್ಟಿಗಾಗಿ ಸಂಜೆಯಿಂದ ಫೋನು ಹಿಡಿದುಕೊಂಡೇ ಕೂತಿದ್ದರಂತೆ. ರಿಪೋರ್ಟು ಬರಲೇ ಇಲ್ಲ. ಬೆಳಿಗ್ಗೆ ಲ್ಯಾಬಿಗೇ ಬಂದು ಜಗಳವಾಡಿದರಂತೆ. ಪುಣ್ಯಕ್ಕೆ ಸಂಖ್ಯೆ ಸರಿಯಾಗಿತ್ತು, ಗಾಬರಿಪಡುವಂಥದ್ದು ಇರಲಿಲ್ಲ. ಆದರೆ ಆ ರಿಪೋರ್ಟು ಎಲ್ಲಿತ್ತು? ಅವರ ಫೋನಿನಲ್ಲೇ, ಸ್ಪ್ಯಾಮ್ ಡಬ್ಬಿಯಲ್ಲಿ, ಲಾಟರಿ ಮತ್ತು ಸಾಲದ ಜಾಹೀರಾತುಗಳ ನಡುವೆ. ಅವರದ್ದೊಂದೇ ಅಲ್ಲ. ಆ ದಿನದ ಎಲ್ಲ ರಿಪೋರ್ಟುಗಳೂ ಅಲ್ಲೇ ಬಿದ್ದಿದ್ದವು.

ಆದದ್ದು ಇಷ್ಟು. ಪಂಪಿನ ಇಮೇಲ್ ಸಿಕ್ಕಿದವರಲ್ಲಿ ತುಂಬ ಜನ ಅದನ್ನು ‘ಸ್ಪ್ಯಾಮ್’ ಎಂದು ಒತ್ತಿದ್ದರು. ಒಂದೇ ಕಡೆಯಿಂದ ಬಂದದ್ದನ್ನು ಅಷ್ಟು ಜನ ಕಸ ಎಂದರೆ, ಇಮೇಲ್ ಸೇವೆ ಕೊಡುವ ದೊಡ್ಡ ಕಂಪೆನಿಗಳು ಅಲ್ಲಿಂದ ಬರುವುದೆಲ್ಲವನ್ನೂ ಕಸವೆಂದೇ ಎಣಿಸುತ್ತವೆ. ಪಂಪೂ ನಮ್ಮಲ್ಲಿಂದಲೇ ಹೋಗುವುದು, ರಿಪೋರ್ಟೂ ನಮ್ಮಲ್ಲಿಂದಲೇ.

“ಜೀಪು ಒಂದೇ ಅಲ್ವಾ,” ಎಂದರು ಧಣಿ. “ಜೀಪಿನ ಸದ್ದು ಕೇಳಿದ ಕೂಡ್ಲೇ ಜನ ಕಿಟಕಿ ಹಾಕಿದ್ರು. ಒಳಗೆ ಯಾರ ವಿಷಯ ಉಂಟು ಅಂತ ಯಾರು ಕೇಳ್ತಾರೆ?”

ಡಾಕ್ಟ್ರಮ್ಮ ಹೆಚ್ಚು ಮಾತಾಡಲಿಲ್ಲ. ತಿಂಗಳ ಕೊನೆಯವರೆಗೆ ನೋಡುತ್ತೇನೆ, ಸರಿಯಾಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ, ಜ್ವರದವರ ಹತ್ತಿರ ಆಟವಾಡಲಿಕ್ಕೆ ನನ್ನಿಂದಾಗದು ಎಂದರು. ನ್ಯಾಯವಾದ ಮಾತು. ಅವರು ಹೋದರೆ ಮಹಡಿಗೆ ಬೀಗ ಎನ್ನುವುದು ನಮಗೆಲ್ಲ ಗೊತ್ತಿತ್ತು. ನಾನು ಬೇರೆ ಕೆಲಸಕ್ಕೆ ಎಲ್ಲಿ ಅರ್ಜಿ ಹಾಕುವುದೆಂದು ಮನಸ್ಸಿನಲ್ಲೇ ಹುಡುಕತೊಡಗಿದ್ದೆ.

ಆದರೆ ಹೂಂ ಎಂದವರು ಕಸ ಎಂದದ್ದು ಹೇಗೆ? ಧಣಿ ಭಾವನನ್ನು ಎದುರು ಕೂರಿಸಿಕೊಂಡರು. ಕೇಳಿದಾಗ ಜನ ಸರಿಯಾಗಿ ಎಂತ ಹೇಳಿದರು ಎಂದು ವಿಚಾರಿಸಿದರು.

“ಆಯ್ತು ಅಂದ್ರು ಧಣಿ.”

“ಬರೀ ಆಯ್ತು?”

ಭಾವ ತಲೆ ಕೆರೆದುಕೊಂಡರು. “ಆಯ್ತು, ನೋಡುವ... ಅಂದ್ರು.”

ಧಣಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ನನಗೂ ಆಗಲೇ ಹೊಳೆದದ್ದು. ನಮ್ಮಲ್ಲಿ ಯಾರ ಮುಖಕ್ಕೂ ಬೇಡ ಎಂದು ಹೇಳುವ ಕ್ರಮವಿಲ್ಲ. ಅದು ಬಾಗಿಲು ಹಾಕಿದ ಹಾಗೆ. ಹಾಗಾಗಿ “ಆಯ್ತು, ನೋಡುವ” ಎನ್ನುತ್ತೇವೆ. ಹೇಳಿದವರಿಗೂ ಅದರ ಅರ್ಥ ಗೊತ್ತು, ಕೇಳಿದವರಿಗೂ ಗೊತ್ತು, ಇಬ್ಬರೂ ನಗುನಗುತ್ತಾ ಬೇರೆಯಾಗುತ್ತೇವೆ. ಭಾವನೂ ಜೀವಮಾನವಿಡೀ ಹಾಗೇ ಹೇಳಿಕೊಂಡು ಬಂದವರೇ. ಕೈಯಲ್ಲಿ ಕಂಪೆನಿಯ ಟ್ಯಾಬು ಬಂದ ಮೇಲೆ ಮಾತ್ರ ಅದು ಮರೆತುಹೋಗಿ, ‘ಆಯ್ತು’ ಕಿವಿಗೆ ಬಿದ್ದಲ್ಲಿ ಟಿಕ್ ಹಾಕಿದ್ದರು.

“ಅಲ್ಲ ಭಾವ, ನಿಮ್ಮ ಮಗಳನ್ನು ನೋಡ್ಲಿಕ್ಕೆ ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆದು, ‘ಆಯ್ತು, ನೋಡುವ’ ಅಂತ ಹೇಳಿ ಹೋದ್ರೆ ನೀವು ಹಾಲ್ ಬುಕ್ ಮಾಡ್ತೀರಾ?”

ಭಾವ ಟ್ಯಾಬನ್ನು ಮಗುಚಿ ಮೇಜಿನ ಮೇಲಿಟ್ಟರು. ಆಮೇಲೆ, “ಮಾಡಿದ್ರೆ ಅಡಿಗೆಯವ್ರೂ ನಾನೂ ಮಾತ್ರ ಇರ್ತೇವೆ ಅಷ್ಟೆ,” ಎಂದರು. ಅಷ್ಟು ಬಿಸಿಯಲ್ಲೂ ಎಲ್ಲರೂ ನಕ್ಕುಬಿಟ್ಟೆವು. ಧಣಿಯೂ ನಕ್ಕರು. ಆಮೇಲೆ ಎದ್ದು, ಭಾವ ಎದುರೆದುರು ಕೇಳಿ ತಂದ ಎಲ್ಲ ವಿಳಾಸಗಳನ್ನೂ ತೆಗೆದುಹಾಕಿಸಿದರು. ಯಾವುದು ನಿಜವಾದ ‘ಆಯ್ತು’, ಯಾವುದು ‘ನೋಡುವ’ ಎಂದು ಇನ್ನು ಬೇರ್ಪಡಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಪಂಪಿನ ವ್ಯಾಪಾರಿ ಉಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಎರಡನೇ ಇಮೇಲ್ ಹೋಗಬೇಕಿತ್ತು, ಯಾಕೆ ನಿಂತಿದೆ ಎಂದು ಕೇಳಿದರು. ಧಣಿ ಗೋಡೆಯ ಕಡೆ ಕೈ ತೋರಿಸಿದರು.

“ಎಂತ ಮಾರಾಯ್ರೆ, ನಾನು ಜನರಿಗೆ ವಿಷ ಹಂಚ್ತಿದ್ದೇನಾ? ಪಂಪು! ನೀರು ಕೊಡುದು!”

“ನಿಮ್ಮ ಪಂಪಿಗೆ ಎಂತ ತೊಂದ್ರೆ ಇಲ್ಲ. ಬಾವಿ ಯಾರದ್ದು ಅಂತ ಕೇಳ್ಬೇಕು ಅಷ್ಟೆ.”

ಬೇರೆ ಊರಿನ ಒಂದು ಕಂಪೆನಿ ಲಕ್ಷಗಟ್ಟಲೆ ವಿಳಾಸಗಳನ್ನು ಇಟ್ಟುಕೊಂಡು ಕಾದಿದೆ, ಅವರಿಗೆ ಸಹಿಯೂ ಬೇಡ, ಗೋಡೆಯೂ ಬೇಡ ಎಂದು ವ್ಯಾಪಾರಿ ಸಿಡುಕಿದರು. ಧಣಿ ಅವರಿಗೆ ಮಜ್ಜಿಗೆ ಕುಡಿಸಿ, ಮೆಟ್ಟಿಲ ತುದಿಯವರೆಗೆ ಹೋಗಿ ಕಳುಹಿಸಿಕೊಟ್ಟರು.

ನಮಗಿನ್ನು ಉಳಿದದ್ದು ರಿಪೋರ್ಟುಗಳ ದಾರಿ ಬಿಡಿಸುವ ಕೆಲಸ. ಕಸದ ಡಬ್ಬಿಯಲ್ಲಿ ಬಿದ್ದದ್ದನ್ನು ಜನರೇ ತೆಗೆದು ‘ಇದು ಸ್ಪ್ಯಾಮ್ ಅಲ್ಲ’ ಎಂದು ಒತ್ತಿದರೆ ನಿಧಾನವಾಗಿ ನಂಬಿಕೆ ಮರಳುತ್ತದೆ ಎಂದು ಕಂಪ್ಯೂಟರು ನೋಡಿಕೊಳ್ಳುವವರು ಹೇಳಿದರು. ಆದರೆ ಅದನ್ನು ಜನರಿಗೆ ಹೇಳುವುದು ಹೇಗೆ? ಇಮೇಲ್ ಮಾಡಿದರೆ ಅದೂ ಡಬ್ಬಿಗೇ. ಧಣಿ ಡಾಕ್ಟ್ರಮ್ಮನ ಹತ್ತಿರ ಹೋಗಿ, ಲ್ಯಾಬಿನ ಒಂದು ಮೂಲೆಯಲ್ಲಿ ಸ್ಟೂಲು ಹಾಕಿಸಿಕೊಂಡು ಕೂತರು. ರಿಪೋರ್ಟಿನ ಒಳಗೆ ಎಂತ ಉಂಟು ಎಂದು ಅವರು ನೋಡಲಿಲ್ಲ, ನೋಡುವ ಹಾಗೂ ಇರಲಿಲ್ಲ. ರಿಪೋರ್ಟು ಹೋದವರಿಗೆಲ್ಲ ಲ್ಯಾಬಿನ ಫೋನಿನಿಂದ ಒಬ್ಬೊಬ್ಬರಿಗೇ ಕರೆ ಮಾಡಿ, ಡಬ್ಬಿ ಎಲ್ಲಿದೆ, ತೆಗೆಯುವುದು ಹೇಗೆ, ಎಲ್ಲಿ ಒತ್ತಬೇಕು ಎಂದು ಹೇಳತೊಡಗಿದರು.

ಅವರಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವೇ ಇರಲಿಲ್ಲ. “ಎಡಬದಿಯಲ್ಲಿ ಮೂರು ಗೆರೆ ಉಂಟಲ್ಲ ಅಮ್ಮ, ಅದನ್ನು ಒತ್ತಿ!” ಎಂದರೆ ರಸ್ತೆಯಾಚೆಯ ಬೇಕರಿಯವರು ತಮ್ಮ ಫೋನು ತೆಗೆದು ನೋಡುವಷ್ಟು ಗಂಟಲು. ರಕ್ತ ಕೊಡಲು ಬಂದವರು ಸೂಜಿಯ ಹೆದರಿಕೆ ಮರೆತು ಇವರನ್ನೇ ನೋಡುತ್ತಿದ್ದರಂತೆ. ಪೆರಾಬೆಯ ಆ ಮನುಷ್ಯರಿಗೂ ಮಾಡಿದರು. ಬೈಗುಳಕ್ಕೆ ಸಿದ್ಧರಾಗಿಯೇ ಮಾಡಿದ್ದು. ಅವರು ಪೂರ್ತಿ ಕೇಳಿಸಿಕೊಂಡರಂತೆ. ಆಮೇಲೆ, “ನೀವು ಮೊದ್ಲು ಜೀಪಿನಲ್ಲಿ ಬರ್ತಿದ್ದವ್ರಲ್ವಾ? ಕಣ್ಣಿನ ಶಿಬಿರ ಅಂತ ಹೇಳಿದ್ದು ನೀವೇ ಅಲ್ವಾ? ನನ್ನ ಅಮ್ಮನಿಗೆ ಕಣ್ಣು ಕಾಣ್ತಾ ಉಂಟು ಇವ್ರೇ ಅದ್ರಿಂದ,” ಎಂದರಂತೆ. ಆಮೇಲೆ ಅಲ್ಲೇ ಕೂತು ತಾವೂ ಒತ್ತಿ, ಪಕ್ಕದ ಮನೆಯವರಿಂದಲೂ ಒತ್ತಿಸಿದರಂತೆ. ಇದನ್ನು ಹೇಳುವಾಗ ಧಣಿಯ ಗಂಟಲು ಮೊದಲ ಬಾರಿಗೆ ಸಣ್ಣದಾದದ್ದನ್ನು ನಾನು ಕೇಳಿದೆ.

ದಿನಗಳು ಆಮೆಯ ಹಾಗೆ ಹೋದವು. ಲ್ಯಾಬಿನ ರಿಪೋರ್ಟುಗಳ ಹೊರತು ಬೇರೇನನ್ನೂ ನಾವು ಕಳುಹಿಸಲಿಲ್ಲ. ಭಾವ ದಿನವೂ ಬಂದು, ತಪ್ಪು ಮಾಡಿದ ಮಕ್ಕಳ ಹಾಗೆ ಬಾಗಿಲ ಹತ್ತಿರ ಕೂರುತ್ತಿದ್ದರು. ಧಣಿ ಅವರನ್ನು ಕೆಲಸದಿಂದ ಬಿಡಿಸಲಿಲ್ಲ. ಆ ಬಿಡುವಿನಲ್ಲಿ ನಾವು ಗೋಡೆಯ ನಿಯಮಕ್ಕೆ ಒಂದು ಸಾಲು ಸೇರಿಸಿದೆವು: ‘ನೋಡುವ’ ಎಂದರೆ ಒಪ್ಪಿಗೆಯಲ್ಲ. ಇನ್ನು ಮೇಲೆ ಎದುರು ಕೇಳಿದ್ದು ಲೆಕ್ಕಕ್ಕಿಲ್ಲ. ಕೇಳಿದ ಮೇಲೆ ಒಂದೇ ಒಂದು ಇಮೇಲ್ ಹೋಗಬೇಕು, ‘ಹೌದು, ಕಳುಹಿಸಿ’ ಎಂದು ಅವರೇ ಒತ್ತಬೇಕು, ಒತ್ತದಿದ್ದರೆ ಬಿಟ್ಟೆವು. ಮುಖ ನೋಡಿಕೊಂಡು ಯಾರೂ ನಿಜ ಹೇಳುವುದಿಲ್ಲ, ಮುಖ ಕಾಣದ ಜಾಗದಲ್ಲಿ ಕೇಳಬೇಕು ಎಂಬುದು ಧಣಿಯ ಮಾತು.

ತಿಂಗಳು ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ. ಧಣಿ ಬುತ್ತಿ ಬಿಚ್ಚಿದ್ದರಷ್ಟೆ. ಡಾಕ್ಟ್ರಮ್ಮನ ಫೋನು ಬಂತು. ಬೆಳಗಿನ ರಿಪೋರ್ಟುಗಳ ಬಗ್ಗೆ ತಾವೇ ಕೆಲವರಿಗೆ ಕರೆ ಮಾಡಿ ಕೇಳಿದರಂತೆ. ಎಲ್ಲವೂ ನೇರ ಇನ್‌ಬಾಕ್ಸಿಗೇ ಬಂದಿವೆ, ಒಂದೂ ಡಬ್ಬಿಗೆ ಹೋಗಿಲ್ಲ. “ಬಂತು ಮಾರಾಯ್ರೆ, ಎಲ್ಲ ಬಂತು! ಇನ್ನು ನಿಮ್ಮ ಸ್ಟೂಲು ತೆಗೀಬಹುದಾ? ನನ್ನ ಪೇಶೆಂಟುಗಳಿಗೆ ಕಿವಿ ಡಾಕ್ಟ್ರು ಬೇಕಾದೀತು,” ಎಂದರು. ಧಣಿ ಫೋನಿಟ್ಟು, ಎಂಜಲು ಕೈಯಲ್ಲೇ ಭಾವನನ್ನು ಕರೆದರು. ಭಾವ ಬಾಗಿಲಿಂದ ಎದ್ದು ಒಳಗೆ ಬಂದರು. ನನಗೆ ಎಷ್ಟೋ ದಿನಗಳಿಂದ ಭುಜದ ಮೇಲೆ ಕೂತಿದ್ದದ್ದು ಇಳಿದು ಹೋದ ಹಾಗಾಗಿ, ಸುಮ್ಮನೆ ಕಿಟಕಿ ತೆರೆದೆ. ಹೊರಗೆ ಎಂದಿನ ಪುತ್ತೂರು, ಎಂದಿನ ಬಸ್ಸಿನ ಸದ್ದು... ಅದೂ ಆ ದಿನ ಚೆಂದ ಕೇಳಿಸಿತು.

ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಪಂಪಿನ ವ್ಯಾಪಾರಿ ಮತ್ತೆ ಮೆಟ್ಟಿಲು ಹತ್ತಿದರು. ಆ ಲಕ್ಷಗಟ್ಟಲೆ ವಿಳಾಸಗಳ ಕಂಪೆನಿಯಿಂದ ಹೋದದ್ದೆಲ್ಲ ಸೀದಾ ಸ್ಪ್ಯಾಮ್‌ಗೆ ಬಿದ್ದು, ಕೊನೆಗೆ ಅವರ ಸ್ವಂತ ಬಿಲ್ಲುಗಳೂ ಗಿರಾಕಿಗಳಿಗೆ ಮುಟ್ಟುತ್ತಿರಲಿಲ್ಲವಂತೆ. “ನಿಮ್ಮಲ್ಲಿ ಜನ ಕಮ್ಮಿ, ಆದ್ರೆ ಇದ್ದವ್ರು ಓದ್ತಾರಂತೆ,” ಎಂದರು, ಅರ್ಧ ದೂರಿನ ಹಾಗೆ. ಧಣಿ ನಿಯಮದ ಕಾಗದ ಮುಂದಿಟ್ಟರು. ಈ ಸಲ ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ನೋಡುವ’ದ ಸಾಲಿಗೆ ಬಂದಾಗ ಗಹಗಹಿಸಿ ನಕ್ಕು ಸಹಿ ಹಾಕಿದರು. ಅವರ ಬಾಯಿಂದಲೇ ಆ ಸಾಲು ಊರೆಲ್ಲ ಸುತ್ತಿತು. ನರ್ಸರಿಯವರು, ಶಾಲೆಯವರು, ಜೇನಿನವರು ಬಂದು, ಆ ‘ನೋಡುವ’ದ ಕಂಪೆನಿ ಇದೇನಾ ಎಂದು ಕೇಳತೊಡಗಿದರು. ಮೊದಲು ಯಾವ ಚೌಕಟ್ಟನ್ನು ನೋಡಿ ಜನ ಮೆಟ್ಟಿಲಿಳಿದಿದ್ದರೋ, ಈಗ ಅದನ್ನೇ ಹುಡುಕಿಕೊಂಡು ಹತ್ತುತ್ತಿದ್ದರು. ಜಾಹೀರಾತಿಗೆ ನಾವು ಬೇರೆ ಏನನ್ನೂ ಮಾಡಬೇಕಾಗಲಿಲ್ಲ.

ವರ್ಷಗಳು ಹೋದವು. ಧಣಿ ಕಂಪೆನಿಯನ್ನು ನಮ್ಮ ಕೈಗೆ ಕೊಟ್ಟು ಮನೆಯಲ್ಲಿ ಕೂತರು. ಅವರು ಹೋಗಿ ಈಗ ವರ್ಷವಾಗುತ್ತಾ ಬಂತು. ನಿದ್ದೆಯಲ್ಲೇ ಹೋದರು, ಸದ್ದಿಲ್ಲದೆ. ಅಷ್ಟು ಗಂಟಲಿದ್ದವರು...

ಲ್ಯಾಬಿನ ರಿಪೋರ್ಟುಗಳನ್ನು ಬಿಟ್ಟು ನಾವು ಕಳುಹಿಸುವ ಪ್ರತಿ ಇಮೇಲೂ ಮೊದಲು ಧಣಿಯ ವಿಳಾಸಕ್ಕೆ ಹೋಗುತ್ತಿತ್ತು. ಸರಿಯಾಗಿ ಮುಟ್ಟಿತೇ ಎಂದು ನೋಡಲಿಕ್ಕೆ ಅವರೇ ಇಟ್ಟ ಕ್ರಮ. ಅವರು ಹೋದ ಮೇಲೂ ಅದನ್ನು ತೆಗೆಯಲು ನಮಗ್ಯಾರಿಗೂ ಕೈ ಬರಲಿಲ್ಲ. ಆದರೆ ತುಂಬ ಕಾಲ ಏನನ್ನೂ ತೆರೆಯದವರನ್ನು ಕಂಪ್ಯೂಟರು ತಾನಾಗಿ ಎತ್ತಿ ತೋರಿಸುತ್ತದೆ. ನಿನ್ನೆ ಅವರ ಹೆಸರು ಬಂತು. ನಾನು ಫೋನು ತೆಗೆದು ಅವರ ಮನೆಗೆ, ಅವರ ಹೆಂಡತಿಗೆ ಕರೆ ಮಾಡಿದೆ. ಅಜ್ಜಿಯ ಕ್ರಮದಲ್ಲೇ ಮೊದಲು ಮಳೆಯ ವಿಷಯ, ಕಾಲು ನೋವಿನ ವಿಷಯ ಎಲ್ಲ ಆದ ಮೇಲೆ, ಬಂದ ವಿಷಯ ಹೇಳಿದೆ. ಹೆಸರು ತೆಗೆಯುವುದೋ, ಇರಲಿಯೋ?

ಅವರು ಮೊದಲು ಫೋನಿನ ವಿಷಯ ಹೇಳಿದರು. ಧಣಿಯ ಫೋನು ಈಗಲೂ ಚಾರ್ಜಿಗೆ ಹಾಕಿ ಇಟ್ಟಿದ್ದಾರಂತೆ. ನಮ್ಮ ಇಮೇಲ್ ಬಂದಾಗಲೆಲ್ಲ ಅದು ಟಿಂಗ್ ಎನ್ನುತ್ತದೆ, ಅಡಿಗೆಮನೆಯಿಂದ ಇವರು ಅರ್ಧ ಏಳುತ್ತಾರೆ.

“ನಾನೇ ಹೇಳುವ ಅಂತಿದ್ದೆ ಮಗಾ. ನಿಮಗೆಲ್ಲ ಬೇಸರ ಆದೀತು ಅಂತ ಹೇಳ್ಲಿಲ್ಲ,” ಎಂದರು. ಮತ್ತೆ, ತುಂಬ ಸ್ಪಷ್ಟವಾಗಿ, “ಬೇಡ. ಇನ್ನು ಕಳಿಸುದು ಬೇಡ,” ಎಂದರು.

ಬೇಸರವಿಲ್ಲ ಅಮ್ಮ ಎಂದೆ. ಇಬ್ಬರೂ ಒಂದೇ ಸಲ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ನಾನು ಧಣಿಯ ಹೆಸರು ತೆಗೆದೆ. ಈ ಬೆಳಿಗ್ಗೆ ಹೋದ ಇಮೇಲ್‌ಗೆ ಮೊದಲ ಓದುಗರಾಗಿ ಯಾರೂ ಇರಲಿಲ್ಲ.